ಹೊಗೆಯ ಗುರುತು ಹೇಳುವ ಬೆಳಕು

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ದೆಹಲಿಯ ಗಾಳಿ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ವಾಯು ಗುಣಮಟ್ಟ ಸೂಚ್ಯಂಕ ಮುನ್ನೂರು ದಾಟಿತು, ನಾನೂರು ಮುಟ್ಟಿತು ಎಂಬ ಸುದ್ದಿಯ ಬೆನ್ನಿಗೇ ವಾಗ್ವಾದವೂ ಶುರುವಾಗುತ್ತದೆ. ಪಂಜಾಬ್, ಹರಿಯಾಣದ ರೈತರು ಭತ್ತದ ಕೂಳೆಗೆ ಬೆಂಕಿ ಇಟ್ಟದ್ದೇ ಕಾರಣ ಎಂದು ರಾಜಧಾನಿಯವರು ಹೇಳುತ್ತಾರೆ. ನಿಮ್ಮ ಕಾರು, ಲಾರಿ, ಕಾರ್ಖಾನೆಗಳ ಹೊಗೆಯನ್ನು ನಮ್ಮ ತಲೆಗೆ ಕಟ್ಟಬೇಡಿ ಎಂದು ರೈತರು ತಿರುಗಿ ಕೇಳುತ್ತಾರೆ. ನಡುವೆ ದೀಪಾವಳಿಯ ಪಟಾಕಿ, ಇಟ್ಟಿಗೆ ಗೂಡು, ಚಳಿ ಕಾಯಿಸಲು ಬೀದಿ ಬದಿಯಲ್ಲಿ ಹಾಕಿದ ಬೆಂಕಿ ಎಲ್ಲವೂ ಆರೋಪಿಗಳ ಸಾಲಿಗೆ ಸೇರುತ್ತವೆ. ನ್ಯಾಯಾಲಯದಲ್ಲಿ ವಿಚಾರಣೆ ನಡೆಯುತ್ತದೆ. ಚಳಿಗಾಲ ಮುಗಿದು ಗಾಳಿ ಬೀಸಿ ಮಬ್ಬು ಕರಗುತ್ತದೆ. ಮುಂದಿನ ವರ್ಷ ಅದೇ ವಾದ ಮತ್ತೆ ಮೊದಲಿನಿಂದ.

ಈ ಜಗಳ ಬಗೆಹರಿಯದಿರಲು ರಾಜಕೀಯ ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಅಳತೆಯಲ್ಲೇ ಇದೆ. ಗಾಳಿಯಲ್ಲಿ ತೇಲುವ, 2.5 ಮೈಕ್ರಾನಿಗಿಂತ ಸಣ್ಣದಾದ ಕಣಗಳನ್ನು ಪಿಎಂ 2.5 ಎನ್ನುತ್ತೇವೆ. ಒಂದು ಘನ ಮೀಟರ್ ಗಾಳಿಯಲ್ಲಿ ಅವು ಎಷ್ಟು ಮೈಕ್ರೊಗ್ರಾಂ ಇವೆ ಎಂಬುದೇ ನಮ್ಮ ಮುಖ್ಯ ಲೆಕ್ಕ. ಭಾರತದ ಮಾನದಂಡದ ಪ್ರಕಾರ 24 ಗಂಟೆಯ ಸರಾಸರಿ 60 ಮೈಕ್ರೊಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಿತಿ 15. ಈ ಅಂಕಿ ಅಗತ್ಯ, ಆದರೆ ಅದು ಬರೀ ತೂಕ. ಸಮುದ್ರದ ಉಪ್ಪಿನ ಕಣ, ರಸ್ತೆಯ ದೂಳು, ಡೀಸೆಲ್ ಮಸಿ, ಸೌದೆಯ ಹೊಗೆ ಎಲ್ಲವೂ ತಕ್ಕಡಿಯ ಮೇಲೆ ಒಂದೇ. ಎಷ್ಟು ಎಂಬ ಪ್ರಶ್ನೆಗೆ ತಕ್ಕಡಿ ಉತ್ತರ ಕೊಡುತ್ತದೆ, ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ. ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವ ಒಂದು ವಿಧಾನ ಕಳೆದ ಎರಡು ದಶಕಗಳಲ್ಲಿ ಬೆಳೆದು ಬಂದಿದೆ. ಅದಕ್ಕೆ ಬೇಕಾದ ಉಪಕರಣ ನಮ್ಮ ಅನೇಕ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ವಿಭಾಗಗಳಲ್ಲಿ ಈಗಾಗಲೇ ಇದೆ.

ಕಪ್ಪು ಇಂಗಾಲ, ಕಂದು ಇಂಗಾಲ

ಹೊಗೆಯಲ್ಲಿರುವ ಇಂಗಾಲದಲ್ಲಿ ಎರಡು ಬಗೆ ಮುಖ್ಯ. ಒಂದು ಮಸಿ, ಅಂದರೆ ಕಪ್ಪು ಇಂಗಾಲ. ಇದು ಬೆಳಕಿನ ಎಲ್ಲ ಬಣ್ಣಗಳನ್ನೂ ಹೀರಿಕೊಳ್ಳುತ್ತದೆ, ಆದ್ದರಿಂದಲೇ ಕಪ್ಪಾಗಿ ಕಾಣುತ್ತದೆ. ಇನ್ನೊಂದು ಸಾವಯವ ಇಂಗಾಲ. ಸೌದೆ, ಹುಲ್ಲು, ಬೆರಣಿ ಅರೆಬರೆ ಉರಿದಾಗ ಹೊರಬರುವ ಸಾವಿರಾರು ಬಗೆಯ ಅಣುಗಳ ರಾಶಿ ಇದು. ಇವು ಬೆಳಕನ್ನು ಹೀರುವುದಿಲ್ಲ, ಚದುರಿಸಿ ವಾಪಸು ಕಳಿಸುತ್ತವೆ, ಹಾಗಾಗಿ ಭೂಮಿಯನ್ನು ತುಸು ತಂಪಾಗಿಡುತ್ತವೆ ಎಂದೇ ಹವಾಮಾನ ಮಾದರಿಗಳು ಬಹುಕಾಲ ಭಾವಿಸಿದ್ದವು. ಆ ಎಣಿಕೆ ಪೂರ್ತಿ ಸರಿಯಲ್ಲ. ಈ ಅಣುಗಳಲ್ಲಿ ಒಂದು ಪಾಲು ಅತಿನೇರಳೆ, ನೇರಳೆ, ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಕೆಂಪಿನ ಕಡೆ ಸರಿದಂತೆ ಹೀರುವಿಕೆ ಕುಗ್ಗುತ್ತದೆ. ನೀಲಿಯನ್ನು ಕಳೆದುಕೊಂಡ ಬೆಳಕು ಹಳದಿ–ಕಂದಾಗಿ ಕಾಣುತ್ತದೆ. ಈ ಪಾಲನ್ನು ಕಂದು ಇಂಗಾಲ ಎನ್ನುತ್ತಾರೆ. ಮೈನ್ರಾಟ್ ಆಂಡ್ರಿಯೆ ಮತ್ತು ಆಂಡ್ರಾಸ್ ಗೆಲೆನ್ಚೇರ್ 2006ರಲ್ಲಿ ಬರೆದ ಪ್ರಬಂಧವೊಂದು ಈ ವಿಷಯವನ್ನು ಸಂಶೋಧಕರ ಚರ್ಚೆಯ ನಡುವಿಗೆ ತಂದಿತು.

ಭಾರತದ ಮಟ್ಟಿಗೆ ಕಂದು ಮಬ್ಬಿನ ಕಥೆ ಅದಕ್ಕಿಂತ ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವೀರಭದ್ರನ್ ರಾಮನಾಥನ್ ಮತ್ತು ನೊಬೆಲ್ ಪುರಸ್ಕೃತ ಪಾಲ್ ಕ್ರುಟ್ಜೆನ್ ನೇತೃತ್ವದಲ್ಲಿ 1999ರಲ್ಲಿ ‘ಇಂಡೋಎಕ್ಸ್’ ಎಂಬ ಬೃಹತ್ ಅಧ್ಯಯನ ನಡೆಯಿತು. ವಿಮಾನ, ಹಡಗು, ಉಪಗ್ರಹಗಳ ನೆರವಿನಿಂದ ಹಿಂದೂ ಮಹಾಸಾಗರದ ಮೇಲಿನ ಗಾಳಿಯನ್ನು ತಡಕಿದಾಗ, ಚಳಿಗಾಲದಲ್ಲಿ ದಕ್ಷಿಣ ಏಷ್ಯಾದಿಂದ ಹೊರಟ ಕಂದು ಮಬ್ಬು ಸಾಗರದ ಮೇಲೆ ಬಹುದೂರ ಹರಡಿರುವುದು ಗೊತ್ತಾಯಿತು. ನೆಲ ಮುಟ್ಟಬೇಕಾದ ಬಿಸಿಲಿನ ಒಂದಂಶ ಮೇಲೆಯೇ ಉಳಿದು ಗಾಳಿಯನ್ನು ಕಾಯಿಸುತ್ತಿತ್ತು. ಆ ಮಬ್ಬಿನಲ್ಲಿ ಮಸಿಯ ಪಾಲೆಷ್ಟು ಎಂಬುದರ ಮೇಲೆ ಅಂದಿನಿಂದ ಬಹಳ ಕೆಲಸವಾಗಿದೆ. ಕಂದು ಇಂಗಾಲದ ಪಾಲೆಷ್ಟು, ಅದು ಎಲ್ಲಿಂದ ಬಂತು, ದಾರಿಯಲ್ಲಿ ಏನಾಯಿತು ಎಂಬ ಪ್ರಶ್ನೆಗಳು ಇನ್ನೂ ಬಿಡಿಸಲು ಉಳಿದಿವೆ.

ಕಂದು ಇಂಗಾಲ ಹುಟ್ಟುವ ಪರಿ ಗಮನಿಸುವಂಥದ್ದು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಬಿಸಿಗೆ ಒಡೆದಾಗ ಫೀನಾಲ್ ಜಾತಿಯ ಅಣುಗಳು ಬಿಡುಗಡೆಯಾಗುತ್ತವೆ. ಸೌದೆಯ ಹೊಗೆಗೆ ಅದರದೇ ಆದ ವಾಸನೆ ಬರುವುದು ಇವುಗಳಿಂದ. ಉರಿ ಚೆನ್ನಾಗಿ ಎದ್ದಾಗ ಮಸಿ ಹೆಚ್ಚು. ಹಸಿ ಸೌದೆ ಉರಿಯದೆ ಹೊಗೆಯಾಡುತ್ತಿದ್ದರೆ ಕಂದು ಇಂಗಾಲ ಹೆಚ್ಚು. ರಾತ್ರಿಯ ಗಾಳಿಯಲ್ಲಿ ಈ ಫೀನಾಲ್‌ಗಳು ವಾಹನಗಳಿಂದ ಬಂದ ನೈಟ್ರೋಜನ್ ಆಕ್ಸೈಡ್‌ಗಳ ಸಂತತಿಯೊಡನೆ ಸೇರಿ ನೈಟ್ರೊಫೀನಾಲ್, ನೈಟ್ರೊಕ್ಯಾಟೆಕಾಲ್‌ಗಳಾಗುತ್ತವೆ. ಇವು ಅಚ್ಚ ಹಳದಿ. ಅಂದರೆ ಹಳ್ಳಿಯ ಹೊಗೆ ಮತ್ತು ಪೇಟೆಯ ಹೊಗೆ ಆಕಾಶದಲ್ಲಿ ಸಂಧಿಸಿ ಮೂರನೆಯದೊಂದನ್ನು ಹುಟ್ಟಿಸುತ್ತವೆ. ತೂಕದ ಅಂಕಿಯಲ್ಲಿ ಇದರ ಸುಳಿವು ಸಿಗುವುದಿಲ್ಲ.

ಅತಿನೇರಳೆ ದೀಪದ ಕೆಳಗೆ

ಬ್ಯಾಂಕಿನಲ್ಲಿ ಕ್ಯಾಷಿಯರ್ ಐನೂರರ ನೋಟನ್ನು ನೇರಳೆ ದೀಪದ ಕೆಳಗೆ ಹಿಡಿಯುವುದನ್ನು ನೋಡಿರುತ್ತೀರಿ. ನೋಟಿನ ಸಂಖ್ಯೆಯೂ ಕಾಗದದೊಳಗಿನ ಸಣ್ಣ ಎಳೆಗಳೂ ಆಗ ಹೊಳೆಯುತ್ತವೆ. ಅದೇ ದೀಪವನ್ನು ಅರಿಶಿನದ ಮೇಲೆ ಹಿಡಿದರೆ ಅದು ಹಸಿರು ಮಿಶ್ರಿತ ಹಳದಿಯಾಗಿ ಬೆಳಗುತ್ತದೆ. ಇದೇ ಪ್ರತಿದೀಪ್ತಿ, ಇಂಗ್ಲಿಷಿನ ಫ್ಲೋರೆಸೆನ್ಸ್. ಕೆಲವು ಅಣುಗಳು ಬೆಳಕನ್ನು ಹೀರಿದಾಗ ಅವುಗಳ ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆ. ಅಲ್ಲಿ ಒಂದಿಷ್ಟು ಶಕ್ತಿಯನ್ನು ಶಾಖವಾಗಿ ಕಳೆದುಕೊಂಡು, ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಉಳಿದದ್ದನ್ನು ಬೆಳಕಾಗಿ ಬಿಟ್ಟು ಕೆಳಗಿಳಿಯುತ್ತದೆ. ಕಳೆದುಕೊಂಡ ಶಕ್ತಿಯ ಕಾರಣಕ್ಕೆ ಹೊರಬಂದ ಬೆಳಕಿನ ತರಂಗಾಂತರ ಒಳಹೋದದ್ದಕ್ಕಿಂತ ಉದ್ದ. ನೇರಳೆ ಒಳಹೋಗಿ ನೀಲಿಯೋ ಹಸಿರೋ ಹೊರಬರುತ್ತದೆ. ಮಲೇರಿಯಾ ಔಷಧ ಕ್ವಿನೈನ್ ಬೆರೆಸಿದ ನೀರು ಬಿಸಿಲಿಗೆ ನೀಲಿಯಾಗಿ ಹೊಳೆಯುವುದನ್ನು ಜಾನ್ ಹರ್ಷಲ್ 1845ರಲ್ಲಿ ವರದಿ ಮಾಡಿದರು. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಅದರ ನಿಯಮ ಹೇಳಿದರು.

ಯಾವ ಬಣ್ಣ ಒಳಹೋದರೆ ಯಾವ ಬಣ್ಣ ಹೊರಬರುತ್ತದೆ ಎಂಬುದು ಅಣುವಿನ ರಚನೆಗೆ ಬಿಟ್ಟದ್ದು. ಬೆಂಜೀನ್‌ನಂಥ ಉಂಗುರಗಳು ಎಷ್ಟಿವೆ, ಒಂದಕ್ಕೊಂದು ಹೇಗೆ ಜೋಡಿಸಿಕೊಂಡಿವೆ, ಅವಕ್ಕೆ ಆಮ್ಲಜನಕವೋ ಸಾರಜನಕವೋ ಎಲ್ಲಿ ಅಂಟಿಕೊಂಡಿದೆ ಎಂಬುದಕ್ಕೆ ತಕ್ಕಂತೆ ಈ ಜೋಡಿ ಬದಲಾಗುತ್ತದೆ. ಕಂದು ಇಂಗಾಲದ ಹಲವು ಅಣುಗಳಲ್ಲಿ ಇಂಥ ಉಂಗುರಗಳಿವೆ. ಆದ್ದರಿಂದ ಅವು ಹೀರುವ ಬೆಳಕಿನ ಜೊತೆಗೆ ಹೊರಸೂಸುವ ಬೆಳಕನ್ನೂ ನೋಡಿದರೆ ಗುರುತು ಹಿಡಿಯಲು ಎರಡು ಸುಳಿವು ಸಿಕ್ಕಂತೆ. ಜೊತೆಗೆ ಈ ಅಳತೆ ಬಹಳ ಸೂಕ್ಷ್ಮ. ಹೀರುವಿಕೆಯನ್ನು ಅಳೆಯುವಾಗ ಪ್ರಖರ ಬೆಳಕಿನಲ್ಲಿ ತುಸು ಕಡಿಮೆಯಾದದ್ದನ್ನು ಹುಡುಕಬೇಕು. ಪ್ರತಿದೀಪ್ತಿಯಲ್ಲಿ ಕತ್ತಲೆಯ ಹಿನ್ನೆಲೆಯಲ್ಲಿ ಹೊಸದಾಗಿ ಹುಟ್ಟಿದ ಬೆಳಕನ್ನು ಎಣಿಸಿದರೆ ಸಾಕು.

ಪ್ರಯೋಗಾಲಯದ ಕೆಲಸ ಹೀಗೆ ನಡೆಯುತ್ತದೆ. ಕಟ್ಟಡದ ತಾರಸಿಯ ಮೇಲೆ ಒಂದು ಗಾಳಿ ಹೀರುವ ಯಂತ್ರ ಇರುತ್ತದೆ. ಅದು ನಿಮಿಷಕ್ಕೆ ಒಂದು ಘನ ಮೀಟರಿಗಿಂತ ತುಸು ಹೆಚ್ಚು ಗಾಳಿಯನ್ನು ಸ್ಫಟಿಕ ಶಿಲೆಯ ಎಳೆಗಳಿಂದ ಮಾಡಿದ ಬಿಳಿ ಹಾಳೆಯ ಮೂಲಕ ಎಳೆಯುತ್ತದೆ. ಕ್ವಾರ್ಟ್ಸ್ ಫಿಲ್ಟರ್ ಎಂದು ಕರೆಯುವ ಈ ಹಾಳೆಯನ್ನು ಮೊದಲೇ ಕುಲುಮೆಯಲ್ಲಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿ, ಅದರಲ್ಲಿದ್ದ ಸಾವಯವ ಕೊಳೆಯನ್ನೆಲ್ಲ ಸುಟ್ಟುಹಾಕಿರುತ್ತಾರೆ. 24 ಗಂಟೆ ಕಳೆದ ಮೇಲೆ ಹಾಳೆ ತೆಗೆದರೆ ಬಿಳಿ ಹೋಗಿ ಬೂದು–ಕಂದು ಬಣ್ಣ ಬಂದಿರುತ್ತದೆ. ಅದರಿಂದ ರೂಪಾಯಿ ನಾಣ್ಯದಗಲದ ಒಂದು ಬಿಲ್ಲೆ ಕತ್ತರಿಸಿ, ಅತ್ಯಂತ ಶುದ್ಧ ನೀರಿರುವ ಸೀಸೆಗೆ ಹಾಕಿ, ಶ್ರವಣಾತೀತ ಶಬ್ದದ ತೊಟ್ಟಿಯಲ್ಲಿ ಇಟ್ಟು ಅಲುಗಿಸುತ್ತಾರೆ. ಹಾಳೆಯ ಪುಡಿ, ಮಸಿ ಉಳಿಯದಂತೆ ಆ ನೀರನ್ನು ಮತ್ತೆ ಸೋಸುತ್ತಾರೆ. ಮಸಿ ನೀರಿನಲ್ಲಿ ಕರಗದು. ಕರಗಿದ ಸಾವಯವ ಮಾತ್ರ ಉಳಿಯುತ್ತದೆ. ಚಳಿಗಾಲದ ದೆಹಲಿಯಂಥ ಊರಿನ ಹಾಳೆಯಾದರೆ ಆ ನೀರಿನ ತಿಳಿ ಹಳದಿ ಬಣ್ಣ ಬರಿಗಣ್ಣಿಗೇ ಕಾಣುತ್ತದೆ. ಊರಿನ ಜನ ಇಡೀ ದಿನ ಉಸಿರಾಡಿದ್ದರ ಒಂದು ಚೂರು ಅದು.

ಈ ನೀರನ್ನು ಒಂದು ಸೆಂಟಿಮೀಟರ್ ಅಗಲದ ಕ್ವಾರ್ಟ್ಸ್ ಕೊಳವೆಗೆ ಸುರಿದು ಸ್ಪೆಕ್ಟ್ರೊಫ್ಲೋರೊಮೀಟರ್‌ ಒಳಗಿಡುತ್ತಾರೆ. ಕ್ಸೆನಾನ್ ದೀಪದಿಂದ ಮೊದಲು 240 ನ್ಯಾನೊಮೀಟರ್ ತರಂಗಾಂತರದ ಬೆಳಕು ಬೀಳುತ್ತದೆ. ಹೊರಬಂದ ಬೆಳಕಿನ ರೋಹಿತ ದಾಖಲಾಗುತ್ತದೆ. ಆಮೇಲೆ 245, 250, ಹೀಗೆ ಐದೈದರಂತೆ 500ರವರೆಗೆ ಏರಿದರೆ ಒಂದೇ ಮಾದರಿಯಿಂದ 53 ರೋಹಿತಗಳು. ಅವನ್ನೆಲ್ಲ ಒಂದರ ಪಕ್ಕ ಒಂದಿಟ್ಟರೆ ಒಂದು ಬಣ್ಣದ ನಕ್ಷೆ ಸಿದ್ಧ. ಒಂದು ಅಂಚಿನಲ್ಲಿ ಒಳಹೋದ ಬೆಳಕು, ಇನ್ನೊಂದು ಅಂಚಿನಲ್ಲಿ ಹೊರಬಂದ ಬೆಳಕು, ಹೊಳಪು ಹೆಚ್ಚಿದ್ದಲ್ಲಿ ಶಿಖರ. 275 ಒಳಹೋಗಿ 340ರ ಸುಮಾರಿಗೆ ಹೊರಬಂದರೆ ಪ್ರೋಟೀನಿನ ಟ್ರಿಪ್ಟೊಫಾನ್‌ ಜಾತಿಯ ಹೊಳಪು. 320–350 ಒಳಹೋಗಿ 400ರ ಮೇಲೆ ಹೊರಬಂದರೆ ಮಣ್ಣಿನ ಹ್ಯೂಮಸ್ ಆಮ್ಲವನ್ನು ಹೋಲುವ ದೊಡ್ಡ, ಆಮ್ಲಜನಕ ಸೇರಿದ ಅಣುಗಳು. ಜೈವಿಕ ತ್ಯಾಜ್ಯ ಸುಟ್ಟ ಹೊಗೆ ಈ ಪ್ರದೇಶದಲ್ಲಿ ಬಲವಾಗಿ ಬೆಳಗುತ್ತದೆ. ಈ ಶಿಖರಗಳಿಗೆ ಹೆಸರಿಡುವ ಪದ್ಧತಿ ಗಾಳಿಯ ಅಧ್ಯಯನದಲ್ಲಿ ಹುಟ್ಟಿದ್ದಲ್ಲ. ಸಮುದ್ರದ ನೀರಿನಲ್ಲಿ ಕರಗಿದ ಸಾವಯವ ವಸ್ತುವನ್ನು ಗುರುತಿಸಲು ಪೌಲಾ ಕೋಬಲ್ 1996ರಲ್ಲಿ ರೂಪಿಸಿದ ಕ್ರಮ ಅದು. ವಾಯುವಿಜ್ಞಾನಿಗಳು ಆಮೇಲೆ ಎರವಲು ಪಡೆದರು.

ರಾಮನ್ ಬೆಳಕೇ ಅಳತೆಗೋಲು

ಈ ನಕ್ಷೆಗಳಲ್ಲಿ ಒಂದು ಗೆರೆ ತಪ್ಪದೆ ಕಾಣಿಸುತ್ತದೆ. ಕೊಳವೆಯಲ್ಲಿ ಹೊಗೆಯ ಅಂಶ ಇಲ್ಲದಿದ್ದರೂ, ಬರೀ ಶುದ್ಧ ನೀರಿದ್ದರೂ ಅದು ಇದ್ದೇ ಇರುತ್ತದೆ. 350 ನ್ಯಾನೊಮೀಟರ್ ಬೆಳಕು ಹಾಯಿಸಿದರೆ 397ರ ಬಳಿ ಒಂದು ಸಣ್ಣ ಉಬ್ಬು. ಅದು ನೀರಿನ ರಾಮನ್ ಚದುರುವಿಕೆ.

ಇದರ ಇತಿಹಾಸ ನಮಗೆ ಹತ್ತಿರದ್ದು. ಸರ್ ಸಿ.ವಿ. ರಾಮನ್ ಮತ್ತು ಅವರ ವಿದ್ಯಾರ್ಥಿಗಳು ಕಲ್ಕತ್ತಾದಲ್ಲಿ ದ್ರವಗಳ ಮೂಲಕ ಬಿಸಿಲು ಹಾಯಿಸಿ ನೋಡುತ್ತಿದ್ದಾಗ, ಬಣ್ಣ ಬದಲಾದ ಒಂದು ಮಸುಕು ಬೆಳಕು ಕಾಣಿಸಿತು. 1923ರಲ್ಲಿ ಅದನ್ನು ಗಮನಿಸಿದ ಕೆ.ಆರ್. ರಾಮನಾಥನ್, ದ್ರವದೊಳಗಿನ ಕಲ್ಮಶದಿಂದ ಬಂದ ಕ್ಷೀಣ ಪ್ರತಿದೀಪ್ತಿ ಇರಬಹುದು ಎಂದು ಭಾವಿಸಿದರು. ದ್ರವವನ್ನು ಎಷ್ಟು ಶುದ್ಧಗೊಳಿಸಿದರೂ ಅದು ಹೋಗಲಿಲ್ಲ. ಅದು ಪ್ರತಿದೀಪ್ತಿಯಲ್ಲ, ಬೆಳಕು ಅಣುವಿಗೆ ತಾಗಿ ಚದುರುವಾಗಲೇ ಬಣ್ಣ ಬದಲಿಸುವ ಹೊಸ ವಿದ್ಯಮಾನ ಎಂಬುದು 1928ರ ಫೆಬ್ರುವರಿ 28ರಂದು ಖಚಿತವಾಯಿತು. ಅದೇ ಮಾರ್ಚ್ 16ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ರಾಮನ್ ಈ ಹೊಸ ವಿಕಿರಣದ ಬಗ್ಗೆ ಉಪನ್ಯಾಸ ಕೊಟ್ಟರು.

ಅಂದು ಪ್ರತಿದೀಪ್ತಿಯಿಂದ ಬೇರ್ಪಡಿಸಲು ಅಷ್ಟು ಶ್ರಮಪಟ್ಟ ಆ ಬೆಳಕೇ ಇಂದು ಪ್ರತಿದೀಪ್ತಿಯ ಅಳತೆಗೋಲು. ಒಂದು ಪ್ರಯೋಗಾಲಯದ ದೀಪ ಹೊಸದು, ಇನ್ನೊಂದರದ್ದು ಹಳೆಯದು. ಒಂದು ಯಂತ್ರ ಹೆಚ್ಚು ಸೂಕ್ಷ್ಮ, ಇನ್ನೊಂದು ಕಡಿಮೆ. ಹೀಗಿರುವಾಗ ಪಟಿಯಾಲದ ನಕ್ಷೆಯನ್ನು ಬೀಜಿಂಗ್‌ನ ನಕ್ಷೆಗೆ ಹೋಲಿಸುವುದು ಹೇಗೆ? ಶುದ್ಧ ನೀರು ಜಗತ್ತಿನ ಎಲ್ಲೆಡೆ ಒಂದೇ. ಅದರ ರಾಮನ್ ಶಿಖರವೂ ಒಂದೇ. ಪ್ರತಿ ಪ್ರಯೋಗಾಲಯವೂ ತನ್ನ ಯಂತ್ರದಲ್ಲಿ ನೀರಿನ ರಾಮನ್ ಶಿಖರವನ್ನು ಅಳೆದು, ಮಾದರಿಯ ಹೊಳಪನ್ನು ಅದರಿಂದ ಭಾಗಿಸುತ್ತದೆ. ಬಂದ ಉತ್ತರಕ್ಕೆ ‘ರಾಮನ್ ಯೂನಿಟ್’ ಎಂದೇ ಹೆಸರು. ಸಮುದ್ರ, ನದಿ, ಕೊಳಚೆ ನೀರು, ಹೊಗೆ ಯಾವುದೇ ಇರಲಿ, ಈ ಘಟಕದಲ್ಲಿ ಬರೆದ ಫಲಿತಾಂಶಗಳನ್ನು ದೇಶ ದೇಶಗಳ ನಡುವೆ ಹೋಲಿಸಬಹುದು.

ಬೆರೆತದ್ದನ್ನು ಬಿಡಿಸುವುದು

ನಿಜವಾದ ಗಾಳಿಯ ಮಾದರಿಯಲ್ಲಿ ಶಿಖರಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಹತ್ತಾರು ಮೂಲಗಳ ಹೊಳಪು ಸೇರಿ ಒಂದೇ ಉಬ್ಬಾಗಿ ಕಾಣುತ್ತದೆ. ಇದನ್ನು ಬಿಡಿಸಲು ‘ಪ್ಯಾರಾಫ್ಯಾಕ್’ ಎಂಬ ಗಣಿತ ವಿಧಾನ ಬಳಸುತ್ತಾರೆ. ಧ್ವನಿವಿಜ್ಞಾನ ಮತ್ತು ಮನೋವಿಜ್ಞಾನದ ದತ್ತಾಂಶ ವಿಶ್ಲೇಷಣೆಗೆಂದು 1970ರಲ್ಲಿ ರೂಪುಗೊಂಡ ಈ ವಿಧಾನವನ್ನು 2003ರಲ್ಲಿ ಕಾಲಿನ್ ಸ್ಟೆಡ್ಮನ್ ಮತ್ತು ಸಂಗಡಿಗರು ನೈಸರ್ಗಿಕ ನೀರಿನ ಪ್ರತಿದೀಪ್ತಿಗೆ ಅನ್ವಯಿಸಿದರು. ಮದುವೆಮನೆಯ ವಾಲಗದ ಧ್ವನಿಮುದ್ರಣವನ್ನು ಕೇಳುತ್ತಿದ್ದೀರಿ ಎಂದುಕೊಳ್ಳಿ. ಒಂದೇ ಮುದ್ರಣ ಇದ್ದರೆ ನಾಗಸ್ವರ ಎಲ್ಲಿ ಮುಗಿಯಿತು, ಶ್ರುತಿ ಎಲ್ಲಿ ಶುರುವಾಯಿತು ಹೇಳುವುದು ಕಷ್ಟ. ಅದೇ ತಂಡದ ಐವತ್ತು ಮದುವೆಗಳ ಮುದ್ರಣ ಇದ್ದು, ಒಂದರಲ್ಲಿ ಡೋಲು ಜೋರು, ಇನ್ನೊಂದರಲ್ಲಿ ನಾಗಸ್ವರ ಜೋರು ಇದ್ದರೆ, ಹೋಲಿಸುತ್ತಾ ಹೋದಂತೆ ಪ್ರತಿ ವಾದ್ಯದ ದನಿಯನ್ನೂ ಬೇರ್ಪಡಿಸಬಹುದು. ಪ್ಯಾರಾಫ್ಯಾಕ್ ಮಾಡುವುದು ಇದನ್ನೇ. ಹಲವಾರು ದಿನಗಳ ನಕ್ಷೆಗಳನ್ನು ಒಟ್ಟಿಗಿಟ್ಟು, ಎಲ್ಲದರಲ್ಲೂ ಪಾಲು ಹೆಚ್ಚು ಕಡಿಮೆಯಾಗುತ್ತಾ ಮರುಕಳಿಸುವ ನಾಲ್ಕೈದು ಮೂಲ ಹೊಳಪುಗಳನ್ನು ಹೊರತೆಗೆಯುತ್ತದೆ. ಯಾವ ದಿನ ಯಾವ ಹೊಳಪಿನ ಪಾಲು ಎಷ್ಟು ಎಂಬ ಪಟ್ಟಿಯನ್ನೂ ಕೊಡುತ್ತದೆ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ದೆಹಲಿಯ ಪ್ರಶ್ನೆಗೆ ಮರಳೋಣ. ಪಂಜಾಬಿನಲ್ಲಿ ಅಂತರ್ಜಲ ಉಳಿಸಲು 2009ರಲ್ಲಿ ಕಾಯ್ದೆ ಬಂತು. ಜೂನ್‌ಗೆ ಮುಂಚೆ ಭತ್ತ ನಾಟಿ ಮಾಡುವಂತಿಲ್ಲ ಎಂದಾಯಿತು. ನಾಟಿ ತಡವಾದ್ದರಿಂದ ಕೊಯ್ಲೂ ತಡವಾಯಿತು. ಗೋಧಿ ಬಿತ್ತನೆಗೆ ಮುನ್ನ ರೈತನಿಗೆ ಸಿಗುವುದು ಎರಡು ಮೂರು ವಾರ. ಕಂಬೈನ್ ಯಂತ್ರ ಬಿಟ್ಟುಹೋದ ಕೂಳೆಯನ್ನು ತೆಗೆಯಲು ಕೂಲಿ ದುಬಾರಿ, ಬೆಂಕಿ ಕಡ್ಡಿ ಅಗ್ಗ. ಹೊಲದ ಬೆಂಕಿ ಹೀಗೆ ಅಕ್ಟೋಬರ್ ಕೊನೆ, ನವೆಂಬರ್‌ಗೆ ಸರಿಯಿತು. ಗಾಳಿ ನಿಂತು, ಹೊಗೆ ನೆಲಕ್ಕೆ ಕವುಚುವ ಕಾಲವೂ ಅದೇ. ನೀರು ಉಳಿಸುವ ಒಳ್ಳೆಯ ಉದ್ದೇಶ ಗಾಳಿಗೆ ಹೊರೆಯಾಯಿತು. ರೈತನನ್ನು ಬೈಯುವ ಮುನ್ನ ಈ ಕಟ್ಟುಪಾಡು ನೆನಪಿರಬೇಕು.

ಹೊಲದ ಬೆಂಕಿಯನ್ನು ಎಣಿಸಲು ಉಪಗ್ರಹಗಳಿವೆ. ಆದರೆ ಈ ಎಣಿಕೆಗೆ ಹೆಚ್ಚಾಗಿ ಬಳಕೆಯಾಗುವ ಉಪಗ್ರಹಗಳು ಹಗಲಿನಲ್ಲಿ ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ. ಆಮೇಲೆ ಹಚ್ಚಿದ ಬೆಂಕಿ, ದಟ್ಟ ಮಬ್ಬಿನ ಕೆಳಗಿನ ಬೆಂಕಿ ಲೆಕ್ಕಕ್ಕೆ ಸಿಗದೆ ಹೋಗಬಹುದು. ಗಾಳಿಯ ಕಣಗಳಲ್ಲಿರುವ ಪೊಟ್ಯಾಸಿಯಂ ಹುಲ್ಲು ಸುಟ್ಟದ್ದಕ್ಕೆ ಒಂದು ಗುರುತು. ಆದರೆ ಪಟಾಕಿ ಮದ್ದಿನಲ್ಲೂ ಪೊಟ್ಯಾಸಿಯಂ ಇದೆ, ದೀಪಾವಳಿ ಬರುವುದೂ ಅದೇ ದಿನಗಳಲ್ಲಿ. ಸೆಲ್ಯುಲೋಸ್ ಸುಟ್ಟಾಗ ಹುಟ್ಟುವ ಲೆವೊಗ್ಲುಕೊಸಾನ್ ಎಂಬ ಸಕ್ಕರೆ ಜಾತಿಯ ಅಣು ಹೆಚ್ಚು ನಂಬಲರ್ಹ. ಆದರೆ ಅದನ್ನು ಅಳೆಯಲು ದುಬಾರಿ ಯಂತ್ರ, ಹೆಚ್ಚು ಸಮಯ, ನುರಿತ ಕೈ ಬೇಕು. ಪ್ರತಿದೀಪ್ತಿ ಇಲ್ಲಿ ನೆರವಿಗೆ ಬರುತ್ತದೆ. ಪಟಾಕಿಯ ಪೊಟ್ಯಾಸಿಯಂ ಉಪ್ಪು ಹ್ಯೂಮಸ್‌ ಮಾದರಿಯ ಹೊಳಪು ಕೊಡದು. ಪೊಟ್ಯಾಸಿಯಂ ಮತ್ತು ಆ ಹೊಳಪು ಜೊತೆಯಾಗಿ ಏರಿದರೆ ಒಂದು ಅರ್ಥ, ಪೊಟ್ಯಾಸಿಯಂ ಮಾತ್ರ ಏರಿದರೆ ಇನ್ನೊಂದು ಅರ್ಥ. ನೂರು ಮಾದರಿಗಳನ್ನು ಮೊದಲು ಹೀಗೆ ಜರಡಿ ಹಿಡಿದು, ಅನುಮಾನ ಉಳಿದ ಹತ್ತನ್ನು ಮಾತ್ರ ದುಬಾರಿ ಯಂತ್ರಕ್ಕೆ ಕಳಿಸಬಹುದು.

ದಾರಿಯಲ್ಲಿ ಹೊಗೆ ಬದಲಾಗುತ್ತದೆ ಎಂಬುದೂ ಗಮನದಲ್ಲಿರಬೇಕು. ಬಿಸಿಲು ಮತ್ತು ಗಾಳಿಯ ಆಕ್ಸಿಡೀಕಾರಕಗಳು ಕಂದು ಇಂಗಾಲದ ಬಣ್ಣವನ್ನು ಕಳೆಯುತ್ತವೆ. ದೆಹಲಿ, ಬಾಂಗ್ಲಾದೇಶದ ಭೋಲಾ ದ್ವೀಪ ಮತ್ತು ಮಾಲ್ದೀವ್ಸ್‌ನ ಹನಿಮಾಧೂ, ಈ ಮೂರು ಕಡೆಯ ಮಾದರಿಗಳನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸುಮಾರು 6000 ಕಿಲೊಮೀಟರ್ ಪ್ರಯಾಣದಲ್ಲಿ ನೀರಿನಲ್ಲಿ ಕರಗುವ ಕಂದು ಇಂಗಾಲದ ಬೆಳಕು ಹೀರುವ ಶಕ್ತಿ ಸುಮಾರು ಶೇ 84ರಷ್ಟು ಕುಸಿಯುತ್ತದೆ. ಅಮೆರಿಕದ ಕಾಳ್ಗಿಚ್ಚಿನ ಹೊಗೆಯನ್ನು ವಿಮಾನದಲ್ಲಿ ಹಿಂಬಾಲಿಸಿದ ತಂಡಕ್ಕೆ ಬಣ್ಣ ಅರ್ಧಕ್ಕಿಳಿಯಲು 9ರಿಂದ 15 ಗಂಟೆ ಸಾಕು ಎಂಬುದು ಕಂಡಿತ್ತು. ಆದ್ದರಿಂದ ತಾಜಾ ಹೊಗೆಯ ನಕ್ಷೆಯನ್ನೇ ಮುಂದಿಟ್ಟುಕೊಂಡು ದೂರದೂರಿನ ಗಾಳಿಯನ್ನು ಅಳೆಯಹೊರಟರೆ ಮೂಲದ ಪಾಲು ಕಡಿಮೆ ಬರುತ್ತದೆ. ಹೊಗೆ ಹಳೆಯದಾದಂತೆ ಅದರ ಹೊಳಪಿನ ಜಾಗವೂ ಸರಿಯುತ್ತದೆ. ತಿಳಿದವರ ಕೈಯಲ್ಲಿ ಈ ಸರಿತವೂ ಒಂದು ಸುಳಿವು, ಹೊಗೆಯ ವಯಸ್ಸಿನ ಅಂದಾಜಿಗೆ.

ಈ ವಿಧಾನದ ಮಿತಿಗಳನ್ನು ಮರೆಮಾಚಬಾರದು. ಬೆಳಕು ಹೀರುವ ಎಲ್ಲ ಅಣುಗಳೂ ಹೊಳೆಯುವುದಿಲ್ಲ. ಮೇಲೆ ಹೇಳಿದ ಹಳದಿ ನೈಟ್ರೊಫೀನಾಲ್‌ಗಳು ಬೆಳಕನ್ನು ಹೀರಿ ಬಹುಮಟ್ಟಿಗೆ ಸುಮ್ಮನಿದ್ದುಬಿಡುತ್ತವೆ. ಕಬ್ಬಿಣ, ತಾಮ್ರದ ಅಂಶ ಹೊಳಪನ್ನು ಅಡಗಿಸುತ್ತದೆ. ದ್ರಾವಣ ಗಾಢವಾಗಿದ್ದರೆ ತನ್ನ ಬೆಳಕನ್ನು ತಾನೇ ನುಂಗುತ್ತದೆ, ಅದನ್ನು ಲೆಕ್ಕದಲ್ಲಿ ಸರಿಪಡಿಸಬೇಕು. ನೀರಿನಲ್ಲಿ ಕರಗದ ಭಾಗಕ್ಕೆ ಮೆಥನಾಲ್ ಬಳಸಿ ಇನ್ನೊಮ್ಮೆ ಅಳೆಯಬೇಕು. ಪ್ರೋಟೀನ್ ಹೊಳೆಯುವ ಜಾಗದಲ್ಲೇ ನ್ಯಾಫ್ತಲೀನ್‌ನಂಥ, ಕಲ್ಲಿದ್ದಲು ಮತ್ತು ಪೆಟ್ರೋಲಿಯಂ ಹೊಗೆಯ ಅಣುಗಳೂ ಹೊಳೆಯುತ್ತವೆ. ನಕ್ಷೆಯನ್ನಷ್ಟೇ ನೋಡಿ ‘ಇದು ಪರಾಗ, ಇದು ಡೀಸೆಲ್’ ಎಂದು ತೀರ್ಪು ಕೊಟ್ಟರೆ ಅದು ಅವಸರ. ಋತು, ಗಾಳಿಯ ದಿಕ್ಕು, ಇತರ ರಾಸಾಯನಿಕ ಗುರುತುಗಳು ಒಂದೇ ಕಡೆ ಬೊಟ್ಟು ಮಾಡಿದಾಗ ಮಾತ್ರ ಮಾತು ನಿಲ್ಲುತ್ತದೆ. ಪ್ರತಿದೀಪ್ತಿ ಒಬ್ಬ ಒಳ್ಳೆಯ ಸಾಕ್ಷಿ. ಒಬ್ಬನೇ ಸಾಕ್ಷಿಯಿಂದ ಮೊಕದ್ದಮೆ ಗೆಲ್ಲುವುದಿಲ್ಲ.

ನಮ್ಮ ಊರಿನ ಹೊಗೆಗೆ ನಮ್ಮ ಲೆಕ್ಕ

ದೆಹಲಿಯ ಮಾತು ನಮಗೇಕೆ ಎನ್ನುವಂತಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಇವೆ. ಈ ಕಾರ್ಯಕ್ರಮದ ಪ್ರಗತಿಯನ್ನು ಪಿಎಂ 10 ಎಷ್ಟು ಇಳಿಯಿತು ಎಂಬುದರಿಂದ ಅಳೆಯುತ್ತಾರೆ. ಆ ದಪ್ಪ ಕಣಗಳಲ್ಲಿ ರಸ್ತೆಯ ದೂಳಿನ ಪಾಲು ದೊಡ್ಡದು. ಹಾಗಾಗಿ ಹಣದ ದೊಡ್ಡ ಭಾಗ ರಸ್ತೆ ಗುಡಿಸುವ ಯಂತ್ರ, ನೀರು ಚಿಮುಕಿಸುವ ಲಾರಿಗಳ ಕಡೆಗೆ ಹೋಗುತ್ತದೆ. ದೂಳು ತಡೆಯುವುದು ಬೇಡವೆಂದಲ್ಲ. ಆದರೆ ಶ್ವಾಸಕೋಶದ ಆಳಕ್ಕಿಳಿಯುವ ಹೊಗೆಯ ಕಣ ನೀರು ಚಿಮುಕಿಸಿದರೆ ಹೋಗುವಂಥದ್ದಲ್ಲ.

ನಮ್ಮಲ್ಲಿ ಹೊಗೆಯ ಮೂಲಗಳು ಪಂಜಾಬಿನದ್ದಕ್ಕಿಂತ ಬೇರೆ, ಬಗೆಯೂ ಹೆಚ್ಚು. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುತ್ತಾರೆ. ಮಂಡ್ಯದ ಆಲೆಮನೆಗಳ ಒಲೆಯಲ್ಲಿ ಕಬ್ಬಿನ ಸಿಪ್ಪೆ ಉರಿಯುತ್ತದೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸುವ ಒಲೆ ಸುಗ್ಗಿಯುದ್ದಕ್ಕೂ ಆರುವುದಿಲ್ಲ. ಅಡುಗೆಗೆ ಗ್ಯಾಸ್ ಬಂದ ಹಳ್ಳಿಮನೆಯಲ್ಲೂ ಬಚ್ಚಲ ಹಂಡೆಗೆ ಸೌದೆಯೇ. ಪೇಟೆಯಲ್ಲಿ ಬೆಳಗಿನ ಜಾವ ತರಗೆಲೆ, ಪ್ಲಾಸ್ಟಿಕ್ ಸೇರಿಸಿ ಗುಡ್ಡೆ ಹಾಕಿ ಹಚ್ಚುವ ಬೆಂಕಿ ನಿಂತಿಲ್ಲ. ಇವುಗಳಲ್ಲಿ ಯಾವುದು ಎಷ್ಟು ಎಂಬುದನ್ನು ಊಹೆಯ ಮೇಲೆ ಬಿಡಬಾರದು. ಬಡವರ ಒಲೆಯನ್ನು ದೂರುವುದು ಸುಲಭ, ಪ್ರಭಾವಿಗಳ ಚಿಮಣಿಯನ್ನು ದೂರುವುದು ಕಷ್ಟ. ಗಾಳಿಯ ವಿಷಯದಲ್ಲಿ ನ್ಯಾಯ ಸಿಗಬೇಕಾದರೆ ಪುರಾವೆ ಮೊದಲು ಬೇಕು.

ಆ ಪುರಾವೆ ನಮ್ಮ ಕೈಯಲ್ಲೇ ಹಾದುಹೋಗುತ್ತಿದೆ. ರಾಷ್ಟ್ರೀಯ ಜಾಲದ ಕೈಚಾಲಿತ ಮಾಪನ ಕೇಂದ್ರಗಳಲ್ಲಿ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಗಾಳಿಯ ಮಾದರಿ ತೆಗೆಯಬೇಕೆಂಬ ನಿಯಮವಿದೆ. ಹಾಳೆಯನ್ನು ತೂಗಿ ಅಂಕಿ ಬರೆದುಕೊಂಡರೆ ಮುಖ್ಯ ಕೆಲಸ ಮುಗಿಯಿತು. ಇದಕ್ಕೆ ಸೇರಿಸಬೇಕಾದದ್ದು ಹೆಚ್ಚೇನಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿ ನಗರದಲ್ಲಿ ಕನಿಷ್ಠ ಒಂದು ಕೇಂದ್ರದಲ್ಲಿ, ಆ ದಿನಗಳಲ್ಲಿ ಕಾಯಿಸಿ ಶುದ್ಧಗೊಳಿಸಿದ ಕ್ವಾರ್ಟ್ಸ್ ಹಾಳೆಯನ್ನೂ ಇಡಲಿ. ಹಾಳೆಗಳನ್ನು ಫ್ರೀಜರ್‌ನಲ್ಲಿ ಜೋಪಾನ ಮಾಡಿ ಹತ್ತಿರದ ವಿಶ್ವವಿದ್ಯಾಲಯಕ್ಕೆ ಕೊಡಲಿ. ಅಲ್ಲಿನ ಅಧ್ಯಾಪಕರು, ಎಂ.ಎಸ್ಸಿ. ವಿದ್ಯಾರ್ಥಿಗಳು ಮೊದಲು ನಮ್ಮ ಉರುವಲುಗಳ ನಕ್ಷೆಗಳ ಭಂಡಾರ ಕಟ್ಟಲಿ. ರವದಿ, ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಬೆರಣಿ, ನೀಲಗಿರಿ ಸೌದೆ, ಕಸದ ರಾಶಿ ಒಂದೊಂದನ್ನೂ ಬೇರೆ ಬೇರೆಯಾಗಿ ಸುಟ್ಟು ಅವುಗಳ ಹೊಳಪನ್ನು ರಾಮನ್ ಯೂನಿಟ್‌ಗಳಲ್ಲಿ ದಾಖಲಿಸಲಿ. ಮಂಡಳಿಯ ಹಾಳೆಗಳನ್ನು ಆ ಭಂಡಾರದೊಡನೆ ಹೋಲಿಸಿ ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಕನ್ನಡದಲ್ಲಿ ಪ್ರಕಟಿಸಲಿ. ಒಂದು ಮಾದರಿಯ ಅಳತೆಗೆ ಬೇಕಾದದ್ದು ನಿಮಿಷಗಳ ಲೆಕ್ಕದ ಸಮಯ, ಒಂದಷ್ಟು ಶುದ್ಧ ನೀರು ಮತ್ತು ಶಿಸ್ತು.

ಓದುಗರೂ ಒಂದು ಕೆಲಸ ಮಾಡಬಹುದು. ನಿಮ್ಮ ಊರಿನ ಸೂಚ್ಯಂಕ ಇಂದು ಇಷ್ಟು ಎಂದು ಅಧಿಕಾರಿಗಳು ಹೇಳಿದಾಗ ಅಷ್ಟಕ್ಕೇ ತೃಪ್ತರಾಗಬೇಡಿ. ಅದರಲ್ಲಿ ದೂಳೆಷ್ಟು, ಹೊಗೆಯೆಷ್ಟು, ಯಾವುದರ ಹೊಗೆ ಎಂದು ಕೇಳಿ. ನಗರಸಭೆಯ ಸಭೆಯಲ್ಲಿ ಕೇಳಿ, ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಿ. ತೂಕ ತಿಳಿದರೆ ಗಾಬರಿಯಾಗಬಹುದು. ಮೂಲ ತಿಳಿದರೆ ಮಾತ್ರ ಯಾವ ಬೆಂಕಿಯನ್ನು ಮೊದಲು ಆರಿಸಬೇಕೆಂದು ಗೊತ್ತಾಗುತ್ತದೆ.